ಸನ್ ಫಿಲ್ಮ್ ಕೆಟ್ಟಿದೆಯಾ, ಹಾಕಿದ ಕೈ ಕೆಟ್ಟದ್ದಾ? ಕೀಳಿಸುವ ಮೊದಲು ನೋಡಬೇಕಾದ್ದು

ಪೀಣ್ಯದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಒಬ್ಬರು ನಮ್ಮ ಅಂಗಡಿಗೆ ಕಾರು ತಂದು ನಿಲ್ಲಿಸಿದರು. ಮನೆ ತುಮಕೂರಿನ ಶಿರಾಗೇಟ್ ಕಡೆ. ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆ ಆರರ ಹೊತ್ತಿಗೆ ವಾಪಸ್. ಎರಡು ವರ್ಷದ ಹಿಂದೆ ಬೇರೆ ಎಲ್ಲೋ ಕಿಟಕಿ ಗಾಜುಗಳ ಒಳಮೈಗೆ ಸನ್ ಫಿಲ್ಮ್, ಅಂದರೆ ಬಿಸಿಲು ತಡೆಯುವ ತೆಳು ಹಾಳೆ, ಹಾಕಿಸಿದ್ದರು.

"ನೋಡಣ್ಣ, ಎಡಗಡೆ ಎರಡು ಗ್ಲಾಸೂ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗೈತೆ. ಬಲಗಡೆ ಏನೂ ಆಗಿಲ್ಲ. ಎಡಗಡೆಗೆ ಡೂಪ್ಲಿಕೇಟ್ ಹಾಕವ್ರೆ ಅಲ್ವಾ?"

ಎರಡೂ ಕಡೆ ಒಂದೊಂದು ಮೂಲೆ ಎಬ್ಬಿಸಿ ನೋಡಿದೆ. ಒಂದೇ ರೋಲಿನ ಮಾಲು. ಅದೇ ದಪ್ಪ, ಅದೇ ಅಂಟು. ವ್ಯತ್ಯಾಸ ಮಾಡಿದ್ದು ರಸ್ತೆ. ತುಮಕೂರಿನಿಂದ ಬೆಂಗಳೂರಿಗೆ ಹೆದ್ದಾರಿ ಹೆಚ್ಚೂಕಮ್ಮಿ ಆಗ್ನೇಯಕ್ಕೆ ಹೋಗುತ್ತದೆ. ಬೆಳಗ್ಗೆ ಆ ಕಡೆ ಮುಖ ಮಾಡಿ ಹೊರಟರೆ ಪೂರ್ವದ ಬಿಸಿಲು ಎಡಗಡೆ ಬೀಳುತ್ತದೆ. ಸಂಜೆ ವಾಯವ್ಯಕ್ಕೆ ಮುಖ ಮಾಡಿ ವಾಪಸ್ ಬಂದರೆ ಪಶ್ಚಿಮದ ಬಿಸಿಲು. ಅದೂ ಎಡಗಡೆಯೇ. ದಿನಕ್ಕೆ ಎರಡು ಸಲ, ವಾರಕ್ಕೆ ಆರು ದಿನ, ಎರಡು ವರ್ಷ. ಬಲಗಡೆ ಗ್ಲಾಸು ಅಷ್ಟು ಬಿಸಿಲೇ ಕಂಡಿಲ್ಲ. ಫಿಲ್ಮ್ ಅಗ್ಗದ್ದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಎರಡೂ ಕಡೆ ಒಂದೇ ಅಗ್ಗ.

ಹೀಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಜನ ತಪ್ಪು ಜಾಗಕ್ಕೆ ಬೆರಳು ತೋರಿಸುತ್ತಾರೆ. ಫಿಲ್ಮ್ ಸರಿ ಇಲ್ಲ ಅಂತ ಕೀಳಿಸುತ್ತಾರೆ, ದುಬಾರಿಯದ್ದು ಹಾಕಿಸುತ್ತಾರೆ, ಆರು ತಿಂಗಳಿಗೆ ಅದೇ ಕಾಯಿಲೆ ಮತ್ತೆ. ತಪ್ಪು ಫಿಲ್ಮಿನದ್ದಾಗಿರಬಹುದು, ಅಂಟಿನದ್ದಾಗಿರಬಹುದು, ಹಾಕಿದವನ ಕೈಯದ್ದಾಗಿರಬಹುದು, ಗಾಜಿನದ್ದೇ ಆಗಿರಬಹುದು. ಎಷ್ಟೋ ಸಲ ಇವು ಯಾವುದರದ್ದೂ ಅಲ್ಲ, ಏಸಿಯದ್ದು. ಅದಕ್ಕೇ ಕಾರು ಬಂದ ತಕ್ಷಣ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಹಾಕಿಸಿ ಎಷ್ಟು ದಿನಕ್ಕೆ ಶುರುವಾಯಿತು? ಗಾಜಿನ ಯಾವ ಜಾಗದಲ್ಲಿ ಶುರುವಾಯಿತು? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ರೋಗ ಗೊತ್ತಾದಂತೆ.

ನೋಡುವ ಮೊದಲು ಗಾಜನ್ನು ಒಳಗೂ ಹೊರಗೂ ತೊಳೆಯಿರಿ. ಇದನ್ನು ಯಾರೂ ಮಾಡುವುದಿಲ್ಲ. ಕೊಳಕು ಗಾಜಿನಲ್ಲಿ ಎಲ್ಲವೂ ಫಿಲ್ಮಿನ ದೋಷದಂತೆಯೇ ಕಾಣುತ್ತದೆ. ಆಮೇಲೆ ನೆರಳಿನಲ್ಲಿ ಕಾರು ನಿಲ್ಲಿಸಿ, ಮೊಬೈಲ್ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ನೋಡಿ. ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ.

ಬಬಲ್ ಬಂದಿದೆ

ಅತಿ ಹೆಚ್ಚು ಬರುವ ದೂರು ಇದೇ. ಬಬಲ್ ಅಂತ ಜನ ಹೇಳುವುದು ನಾಲ್ಕು ಬೇರೆ ಬೇರೆ ಸಂಗತಿಗಳಿಗೆ. ನಾಲ್ಕಕ್ಕೂ ಔಷಧಿ ಬೇರೆ.

ಫಿಲ್ಮನ್ನು ಒಣಗಿದ ಗಾಜಿಗೆ ಹಾಗೇ ಅಂಟಿಸುವುದಿಲ್ಲ. ಗಾಜಿಗೂ ಅಂಟಿಗೂ ಮಧ್ಯೆ ಒಂದೆರಡು ಹನಿ ಬೇಬಿ ಶಾಂಪೂ ಹಾಕಿದ ನೀರು ಹೊಡೆದು, ಫಿಲ್ಮನ್ನು ಜರುಗಿಸಿ ಕೂರಿಸಿ, ಆಮೇಲೆ ಸ್ಕ್ವೀಜಿಯಿಂದ (ಹಿಡಿ ಇರುವ ರಬ್ಬರ್ ಪಟ್ಟಿ) ನೀರನ್ನು ಅಂಚಿಗೆ ತಳ್ಳುತ್ತೇವೆ. ಎಷ್ಟೇ ತಳ್ಳಿದರೂ ಸ್ವಲ್ಪ ನೀರು ಒಳಗೆ ಉಳಿಯುತ್ತದೆ. ಅದು ಫಿಲ್ಮಿನ ಮೂಲಕವೇ ಆವಿಯಾಗಿ ಹೋಗಬೇಕು. ಅದಕ್ಕೆ ಕೆಲವು ದಿನಗಳಿಂದ ಒಂದು ತಿಂಗಳವರೆಗೆ ಹಿಡಿಯುತ್ತದೆ. ಏಪ್ರಿಲ್ ಬಿಸಿಲಾದರೆ ಬೇಗ. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದು ಕೂತರೆ ನಿಧಾನ. ದಪ್ಪ ಫಿಲ್ಮಿಗೆ ಇನ್ನೂ ನಿಧಾನ.

ಆದ್ದರಿಂದ ಹಾಕಿಸಿದ ಮೊದಲ ವಾರ ಗಾಜು ಅಲ್ಲಲ್ಲಿ ಮಬ್ಬಾಗಿ, ಸಣ್ಣ ಸಣ್ಣ ಗುಳ್ಳೆ ತುಂಬಿಕೊಂಡು ಕಂಡರೆ ಅದು ನೀರು. ಉಗುರಿನ ಬೆನ್ನಿನಿಂದ ಮೆತ್ತಗೆ ಒತ್ತಿ. ಗುಳ್ಳೆ ಜರುಗಿದರೆ, ಚಪ್ಪಟೆಯಾಗಿ ಹರಡಿದರೆ ನೀರೇ. ಸುಮ್ನೆ ಬಿಡಿ, ಬಿಸಿಲಿಗೆ ನಿಲ್ಲಿಸಿ. ಒತ್ತಿದಾಗ ತಗ್ಗಿ, ಬೆರಳು ತೆಗೆದ ತಕ್ಷಣ ಅದೇ ಆಕಾರಕ್ಕೆ ಎದ್ದರೆ ಅದು ಗಾಳಿ. ಗಾಳಿ ತಾನಾಗಿ ಹೋಗುವುದಿಲ್ಲ. ಅಂಚಿನ ಹತ್ತಿರ ಇದ್ದರೆ ಹೀಟ್ ಗನ್ ತೋರಿಸಿ ತಳ್ಳಬಹುದು. ಮಧ್ಯದಲ್ಲಿದ್ದರೆ ಸೂಜಿ ಚುಚ್ಚಿ ತೆಗೆಯುತ್ತೇವೆ ಅನ್ನುವವರಿದ್ದಾರೆ. ನಾನೂ ಮೊದಲು ಮಾಡುತ್ತಿದ್ದೆ. ಆ ತೂತಿನ ಸುತ್ತ ವರ್ಷದೊಳಗೆ ಒಂದು ಬಿಳಿ ಉಂಗುರ ಮೂಡುತ್ತದೆ. ಈಗ ಬಿಟ್ಟಿದ್ದೇನೆ.

ಗುಳ್ಳೆಯ ನಡುವೆ ಗಟ್ಟಿ ಚುಕ್ಕೆ ತಾಗಿದರೆ ಅದು ಧೂಳು. ಸಾಸಿವೆ ಕಾಳಿಗಿಂತ ಸಣ್ಣ ಮಣ್ಣಿನ ಕಣ ಸುತ್ತಲಿನ ಫಿಲ್ಮನ್ನು ಡೇರೆಯ ಕಂಬದ ಥರ ಎತ್ತಿ ಹಿಡಿದಿರುತ್ತದೆ. ಇದು ಪೂರ್ತಿ ಕೈಯ ತಪ್ಪು, ಅಥವಾ ಜಾಗದ ತಪ್ಪು. ರಸ್ತೆ ಬದಿಯಲ್ಲಿ, ಬಯಲಿನಲ್ಲಿ, ಲಾರಿ ಓಡಾಡುವ ಕಡೆ ಕಾರು ನಿಲ್ಲಿಸಿ ಹಾಕಿದರೆ ಧೂಳು ಕೂರದೆ ಇರುವುದಿಲ್ಲ. ಒಂದು ಗಾಜಿಗೆ ಎರಡು ಮೂರು ಚುಕ್ಕೆ ಇದ್ದರೆ ನಾನಾದರೂ ಒಪ್ಪಿಕೊಂಡು ಸುಮ್ಮನಾಗುತ್ತೇನೆ. ಕೆಳಗಿನ ಅಂಚಿನ ಉದ್ದಕ್ಕೂ ರಾಗಿ ಚೆಲ್ಲಿದ ಹಾಗೆ ಇದ್ದರೆ ಬೀಡಿಂಗ್ (ಗಾಜಿನ ಅಂಚಿಗಿರುವ ರಬ್ಬರ್ ಪಟ್ಟಿ) ಒಳಗಿನ ಕೊಳೆ ತೆಗೆಯದೆ ಹಾಕಿದ್ದಾರೆ ಅಂತ ಅರ್ಥ. ಆ ಗಾಜನ್ನು ದುಡ್ಡಿಲ್ಲದೆ ಮತ್ತೆ ಮಾಡಿಕೊಡಿ ಅಂತ ಕೇಳುವ ಹಕ್ಕು ನಿಮಗಿದೆ.

ನಾಲ್ಕನೆಯದು ಕೆಟ್ಟದ್ದು. ಒಂದೂವರೆ, ಎರಡು ವರ್ಷ ಚೆನ್ನಾಗಿದ್ದ ಫಿಲ್ಮ್ ಇದ್ದಕ್ಕಿದ್ದಂತೆ ಗಾಜಿನ ಮಧ್ಯದಿಂದ ಹಪ್ಪಳದ ಥರ ಉಬ್ಬಲು ಶುರುವಾದರೆ ಅಂಟು ಸತ್ತಿದೆ. ಹಿಂದಿನ ಗಾಜಿನಲ್ಲಿ ಇದು ಮೊದಲು ಕಾಣುತ್ತದೆ. ಅದು ಮಲಗಿದ ಹಾಗೆ ಇರುವುದರಿಂದ ಮಧ್ಯಾಹ್ನದ ಬಿಸಿಲು ನೆತ್ತಿಗೇ ಬೀಳುತ್ತದೆ. ಇದಕ್ಕೆ ಒತ್ತುವುದು, ಕಾಯಿಸುವುದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಕೀಳಬೇಕು, ಅಷ್ಟೇ.

ಅಂಚು ಏಳುತ್ತಿದೆ

ಮೊದಲು ಒಂದು ಮಾತು. ಇಳಿಸುವ ಗಾಜಿನ ಮೇಲಿನ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಫಿಲ್ಮ್ ಇಲ್ಲದ ಗೆರೆ ಇರುತ್ತದೆ. ಅದು ದೋಷ ಅಲ್ಲ. ಫಿಲ್ಮ್ ಗಾಜಿನ ತುದಿಯವರೆಗೂ ಬಂದರೆ ಪ್ರತಿ ಸಲ ಏರಿಸುವಾಗ ಮೇಲಿನ ರಬ್ಬರಿಗೆ ಸಿಕ್ಕಿ ಕಿತ್ತುಕೊಳ್ಳುತ್ತದೆ.

ಹಾಕಿಸಿದ ಮೊದಲ ವಾರದಲ್ಲೇ ಕೆಳಗಿನ ಮೂಲೆ ಎದ್ದರೆ ಕೇಳಬೇಕಾದ್ದು ಹಾಕಿದವನನ್ನಲ್ಲ, ಮನೆಯವರನ್ನು. ಮೂರು ನಾಲ್ಕು ದಿನ ಗಾಜು ಇಳಿಸಬಾರದು ಅಂತ ಹೇಳಿರುತ್ತೇವೆ. ಹಿಂದೆ ಕೂತ ಮಗು ಬಟನ್ ಒತ್ತಿರುತ್ತದೆ. ಅಂಟು ಇನ್ನೂ ಹಸಿ, ಬೀಡಿಂಗ್ ಉಜ್ಜಿದ್ದಕ್ಕೆ ಮಡಚಿಕೊಂಡಿರುತ್ತದೆ. ಅವತ್ತೇ ತಂದರೆ ಮತ್ತೆ ನೀರು ಹೊಡೆದು ಕೂರಿಸಬಹುದು. ವಾರ ಬಿಟ್ಟು ತಂದರೆ ಅಂಟಿಗೆ ಧೂಳು ಮೆತ್ತಿರುತ್ತದೆ, ಆಗುವುದಿಲ್ಲ.

ಆರು ತಿಂಗಳ ಮೇಲೆ ಎದ್ದರೆ ಎದ್ದ ಭಾಗದ ಅಂಟನ್ನು ಮುಟ್ಟಿ ನೋಡಿ. ಜಿಡ್ಡು ಜಿಡ್ಡಾಗಿದ್ದರೆ ಬೀಡಿಂಗ್‌ಗೆ ಯಾರೋ ಸಿಲಿಕಾನ್ ಸ್ಪ್ರೇ ಹೊಡೆದಿದ್ದಾರೆ. ಒಣಗಿ ಪುಡಿಯಾಗಿದ್ದರೆ ಅಂಟು ಕಳಪೆ.

ದಯವಿಟ್ಟು ಫೆವಿಕ್ವಿಕ್ ಹಾಕಬೇಡಿ. ವಾರಕ್ಕೊಬ್ಬರಾದರೂ ಹಾಕಿಕೊಂಡು ಬರುತ್ತಾರೆ. ಅದರ ಹೊಗೆ ಪಕ್ಕದ ಗಾಜಿನ ಮೇಲೆಲ್ಲ ಬೂದಿ ಹಚ್ಚಿದ ಹಾಗೆ ಬೆಳ್ಳಗೆ ಕೂರುತ್ತದೆ. ಎರಡಿಂಚು ಎದ್ದಿದ್ದ ಮೂಲೆಗೆ ಇಡೀ ಗ್ಲಾಸು ಬಲಿ.

ಉದ್ದುದ್ದ ಗೆರೆ

ಗಾಜು ಇಳಿಯುವ ದಿಕ್ಕಿನಲ್ಲೇ, ಮೇಲಿಂದ ಕೆಳಕ್ಕೆ ಗೆರೆ ಬಿದ್ದಿದ್ದರೆ ಬೀಡಿಂಗ್‌ನಲ್ಲಿ ಮರಳು ಸಿಕ್ಕಿಕೊಂಡಿದೆ. ಕ್ರಷರ್ ಕಡೆ, ಕ್ವಾರಿ ಕಡೆ ಓಡಾಡುವ ಗಾಡಿಗಳಿಗೆ ಇದು ಗ್ಯಾರಂಟಿ. ಚಿಕ್ಕಬಳ್ಳಾಪುರದ ಕಡೆಯಿಂದ ಬಂದ ಒಂದು ಜೀಪಿನ ಬೀಡಿಂಗ್ ಬಿಚ್ಚಿದಾಗ ಬೊಗಸೆಯಷ್ಟು ಕಲ್ಲುಪುಡಿ ಬಿತ್ತು. ಉಗುರನ್ನು ಗೆರೆಗೆ ಅಡ್ಡವಾಗಿ ಎಳೆಯಿರಿ. ಒಳಗಡೆ ತಾಗಿದರೆ ಫಿಲ್ಮಿಗೆ ಬಿದ್ದ ಗೆರೆ. ಹೊರಗಡೆ ತಾಗಿದರೆ ಗಾಜಿಗೇ ಬಿದ್ದಿದೆ, ಫಿಲ್ಮ್ ಬದಲಿಸಿ ಏನೂ ಉಪಯೋಗ ಇಲ್ಲ. ಎರಡಕ್ಕೂ ಮೂಲ ಒಂದೇ. ಹಳೆಯ ಎಟಿಎಂ ಕಾರ್ಡಿಗೆ ಟೇಪನ್ನು ಅಂಟು ಹೊರಗೆ ಬರುವ ಹಾಗೆ ಸುತ್ತಿ, ಬೀಡಿಂಗ್ ಸಂದಿಯಲ್ಲಿ ತೂರಿಸಿ ಎಳೆಯಿರಿ. ಕಣ ಅಂಟಿಕೊಂಡು ಬರುತ್ತದೆ. ನಾಲ್ಕೈದು ಸಲ ಮಾಡಬೇಕು.

ಬಣ್ಣ ಹೋಗಿದೆ

ನೇರಳೆ ಬಣ್ಣಕ್ಕೆ ತಿರುಗುವುದು ಡೈ ಫಿಲ್ಮಿನ ಹಣೆಬರಹ. ಅಗ್ಗದ ಫಿಲ್ಮಿನಲ್ಲಿ ಕಪ್ಪು ಅಂದರೆ ಬೇರೆ ಬೇರೆ ಬಣ್ಣಗಳ ಮಿಶ್ರಣ. ಬಿಸಿಲಿಗೆ ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಸಾಯುವುದಿಲ್ಲ. ಮೊದಲು ಹಳದಿಯಂಥವು ಹೋಗುತ್ತವೆ, ನೀಲಿ ಕೆಂಪು ಉಳಿಯುತ್ತವೆ. ಅದೇ ನೇರಳೆ. ತಿಕ್ಕಿದರೆ, ತೊಳೆದರೆ ಹೋಗುವ ಬಣ್ಣ ಅಲ್ಲ ಇದು. ಕಾರ್ಬನ್ ಫಿಲ್ಮ್, ಸೆರಾಮಿಕ್ ಫಿಲ್ಮ್ ಹೀಗೆ ತಿರುಗುವುದಿಲ್ಲ. ಹಾಗಾಗಿ ಸೆರಾಮಿಕ್ ಅಂತ ದುಡ್ಡು ಕೊಟ್ಟು ಹಾಕಿಸಿದ್ದು ನೇರಳೆ ಆದರೆ ನಿಮಗೆ ಕೊಟ್ಟಿದ್ದು ಸೆರಾಮಿಕ್ ಅಲ್ಲವೇ ಅಲ್ಲ.

ಇನ್ನೊಂದು ಬಣ್ಣದ ದೂರು ತಮಾಷೆಯದ್ದು. "ಗ್ಲಾಸಲ್ಲಿ ಕಾಮನಬಿಲ್ಲು ಕಾಣ್ತದೆ, ಚೆಕ್ಸ್ ಲುಂಗಿ ಥರ" ಅಂತ ಬಂದರು ಒಬ್ಬರು. ಕಣ್ಣಿಗೆ ಹಾಕಿದ್ದ ಕೂಲಿಂಗ್ ಗ್ಲಾಸ್ ತೆಗೆದು ನೋಡಿ ಅಂದೆ. ಮಾಯ. ಪಕ್ಕದ ಕಿಟಕಿ, ಹಿಂದಿನ ಕಿಟಕಿ ಟಫನ್ ಮಾಡಿದ, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜು. ಅದರೊಳಗಿನ ಬಿಗಿತ ಪೋಲರೈಸ್ಡ್ ಕನ್ನಡಕದಲ್ಲಿ ಹಾಗೆ ಕಾಣುತ್ತದೆ. ಫಿಲ್ಮ್ ಹಾಕುವ ಮೊದಲೂ ಇತ್ತು, ಅವರು ಗಮನಿಸಿರಲಿಲ್ಲ.

ಫಿಲ್ಮ್ ಹಾಕಿದ ಮೇಲೂ ಕಾರು ಕಾಯುತ್ತೆ

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು. ಯಾಕೆಂದರೆ ಇಲ್ಲಿ ದೋಷ ಬಹಳ ಸಲ ಫಿಲ್ಮಿನಲ್ಲಿ ಇರುವುದಿಲ್ಲ, ನಮ್ಮ ಅಂಗಡಿಗಳ ಮಾತಿನಲ್ಲಿ ಇರುತ್ತದೆ.

ಅಂಗಡಿಯಲ್ಲಿ ಒಂದು ಡಬ್ಬ ಇರುತ್ತದೆ. ಒಳಗೆ ಶಾಖದ ಬಲ್ಬು, ಮುಂದೆ ಗಾಜಿನ ತುಂಡು. ಮೊದಲು ಫಿಲ್ಮಿಲ್ಲದ ಗಾಜಿನ ಮುಂದೆ ಕೈ ಇಡಿಸುತ್ತಾರೆ. ಚುರುಕ್ ಅನ್ನುತ್ತದೆ. ಆಮೇಲೆ ಫಿಲ್ಮ್ ಹಾಕಿದ ಗಾಜು. ತಣ್ಣಗೆ. ನೀವು ಅಲ್ಲೇ ದುಡ್ಡು ಎಣಿಸುತ್ತೀರಿ. ಆ ಬಲ್ಬಿನಿಂದ ಬರುವುದು ಬಹುಪಾಲು ಇನ್‌ಫ್ರಾರೆಡ್, ಕಣ್ಣಿಗೆ ಕಾಣದ ಶಾಖದ ಕಿರಣ. ಅದನ್ನು ತಡೆಯುವ ಫಿಲ್ಮ್ ಅಲ್ಲಿ ಪವಾಡ ಮಾಡುತ್ತದೆ. ಬಿಸಿಲು ಬೇರೆ. ಸೂರ್ಯನ ಶಾಖದಲ್ಲಿ ಇನ್‌ಫ್ರಾರೆಡ್ ಸುಮಾರು ಅರ್ಧ. ಉಳಿದ ಅರ್ಧದಲ್ಲಿ ಹೆಚ್ಚಿನದು ಕಣ್ಣಿಗೆ ಕಾಣುವ ಬೆಳಕೇ. ತಿಳಿ ಫಿಲ್ಮ್ ಆ ಬೆಳಕನ್ನು ಒಳಗೆ ಬಿಡಲೇಬೇಕಲ್ಲ?

ಇಷ್ಟು ಸಾಲದು ಅಂತ, ಶೇ. 97 ಇನ್‌ಫ್ರಾರೆಡ್ ತಡೆಯುತ್ತದೆ ಅಂತ ಬರೆದಿರುವ ಸಂಖ್ಯೆಯನ್ನು ಇನ್‌ಫ್ರಾರೆಡ್‌ನ ಒಂದು ಸಣ್ಣ ತುಂಡಿನಲ್ಲಿ ಅಳೆದಿರುತ್ತಾರೆ. ಅಲೆಯ ಉದ್ದ 900ರಿಂದ 1,000 ನ್ಯಾನೋಮೀಟರ್ ನಡುವೆ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದಕ್ಕೇ ನೀವು ಕೇಳಬೇಕಾದ ಸಂಖ್ಯೆ ಅದಲ್ಲ. ಟಿಎಸ್‌ಇಆರ್ ಎಷ್ಟು ಅಂತ ಕೇಳಿ. ಬೆಳಕು, ಇನ್‌ಫ್ರಾರೆಡ್, ಅಲ್ಟ್ರಾವಯಲೆಟ್ (ಯುವಿ) ಮೂರೂ ಸೇರಿ ನೂರರಲ್ಲಿ ಎಷ್ಟು ಪಾಲು ಶಾಖ ಹೊರಗೆ ಉಳಿಯಿತು ಅನ್ನುವ ಲೆಕ್ಕ ಅದು. ತುಂಬಾ ಒಳ್ಳೆಯ ತಿಳಿ ಫಿಲ್ಮಿಗೆ ಅದು 50ರ ಆಸುಪಾಸು ಇರುತ್ತದೆ. ತಿಳಿ ಫಿಲ್ಮಿಗೆ 80 ಅಂತ ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ನೋಟು ನೋಡುವ ನೀಲಿ ಟಾರ್ಚಿನ ಆಟವೂ ಇಂಥದ್ದೇ. ಫಿಲ್ಮ್ ಯುವಿ ತಡೆಯುತ್ತೋ ಇಲ್ಲವೋ ಅಂತ ಅದರಲ್ಲಿ ತೋರಿಸುತ್ತಾರೆ. ಅಗ್ಗದ ಟಾರ್ಚಿನ ಬೆಳಕು 395 ನ್ಯಾನೋಮೀಟರ್ ಹತ್ತಿರ. ಫಿಲ್ಮಿನ ಯುವಿ ಲೆಕ್ಕ 380ಕ್ಕೆ ಮುಗಿಯುತ್ತದೆ. ಒಳ್ಳೆಯ ಫಿಲ್ಮೂ ಆ ಟಾರ್ಚಿನಲ್ಲಿ ಫೇಲ್ ಆಗಬಹುದು.

ಈಗ ಪರೀಕ್ಷೆ. ಕಾರು ಎಲ್ಲಿ ಕಾಯುತ್ತದೆ, ನಿಂತಾಗಲಾ, ಓಡುವಾಗಲಾ? ಪಾವಗಡದ ಬಿಸಿಲಿನಲ್ಲಿ ನಾಲ್ಕು ಗಂಟೆ ನಿಲ್ಲಿಸಿ ಬಂದು ಬಾಗಿಲು ತೆಗೆದರೆ ಯಾವ ಫಿಲ್ಮ್ ಹಾಕಿದ್ದರೂ ಒಲೆಯೇ. ಸೋಲಾರ್ ಪಾರ್ಕ್ ಕಟ್ಟಲು ಆರಿಸಿದ ಊರು ಅದು, ಬಿಸಿಲಿಗೆ ಅಲ್ಲಿ ಬರ ಇಲ್ಲ. ಹೆಚ್ಚಿನ ಫಿಲ್ಮ್‌ಗಳು ಶಾಖವನ್ನು ಹೀರಿಕೊಂಡು ಗಾಜಿನಲ್ಲಿ ಹಿಡಿದಿಡುತ್ತವೆ. ಓಡುವಾಗ ಹೊರಗಿನ ಗಾಳಿ ಆ ಗಾಜನ್ನು ಆರಿಸುತ್ತದೆ. ನಿಂತಾಗ ಗಾಳಿ ಇಲ್ಲ, ಕಾದ ಗಾಜು ಒಳಕ್ಕೂ ಶಾಖ ಬಿಡುತ್ತದೆ. ಫಿಲ್ಮ್ ಹಾಕಿದ ಗಾಜನ್ನು ಮುಟ್ಟಿ "ಇಷ್ಟು ಸುಡುತ್ತೆ, ಫಿಲ್ಮ್ ಕೆಲಸ ಮಾಡ್ತಿಲ್ಲ" ಅನ್ನುತ್ತಾರೆ. ಅದು ಸುಡುತ್ತಿರುವುದೇ ಕೆಲಸ ಮಾಡುತ್ತಿರುವುದಕ್ಕೆ. ನಿಂತ ಕಾರಿಗೆ ಡ್ಯಾಶ್‌ಬೋರ್ಡ್ ಮುಚ್ಚುವ ಸನ್ ಶೇಡು, ಇಲ್ಲ ಒಂದು ಹೊಂಗೆ ಮರ. ಇವೆರಡೇ ಪರಿಹಾರ.

ಓಡುವಾಗಲೂ ತಣ್ಣಗಾಗದಿದ್ದರೆ ಏಸಿ ನೋಡಿ. ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ತಂದು ಮಧ್ಯದ ಏಸಿ ಬಾಯಿಗೆ ಸಿಕ್ಕಿಸಿ. ಏಸಿ ಫುಲ್, ಒಳಗಿನ ಗಾಳಿಯೇ ಸುತ್ತುವ ಬಟನ್ ಆನ್. ಹತ್ತು ನಿಮಿಷ ಓಡಿಸಿ. 7ರಿಂದ 12 ಡಿಗ್ರಿ ಬಂದರೆ ಏಸಿ ಸರಿ ಇದೆ. 16, 18ರಲ್ಲೇ ನಿಂತರೆ ಗ್ಯಾಸ್ ಕಮ್ಮಿಯಾಗಿರಬೇಕು, ಇಲ್ಲ ಕಂಡೆನ್ಸರ್ ಕೊಳೆ ಹಿಡಿದಿರಬೇಕು. ಅಂಕೆ ಸರಿ ಇದ್ದೂ ಗಾಳಿ ಕಮ್ಮಿ ಬಂದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ನಾನು ಒಂದರಲ್ಲಿ ಇಲಿ ಕಟ್ಟಿದ ಗೂಡು ನೋಡಿದ್ದೇನೆ. ಆ ಕಾರಿನವರು ಎರಡು ಸಲ ಫಿಲ್ಮ್ ಬದಲಿಸಿದ್ದರು.

ಏಸಿಯೂ ಸರಿ, ಪಕ್ಕದ ಫಿಲ್ಮೂ ಸರಿ, ಆದರೂ ತೊಡೆ ಮೇಲೆ ಬಿಸಿಲು ಸುಡುತ್ತದೆ ಅಂದರೆ ಅದು ಮುಂದಿನ ಗಾಜಿನಿಂದ ಬರುತ್ತಿದೆ. ಕಾರಿನಲ್ಲಿ ಅತಿ ದೊಡ್ಡ ಕಿಟಕಿಯೇ ಅದು. ಪಕ್ಕದವಕ್ಕೆ ಎಷ್ಟು ದುಬಾರಿ ಫಿಲ್ಮ್ ಹಾಕಿದರೂ ಅದು ಖಾಲಿ ಇದ್ದರೆ ಬಾಗಿಲು ಹಾಕಿ ಹೆಂಚು ತೆಗೆದ ಹಾಗೆ. ಅದಕ್ಕೆ ಹಾಕುವುದು ಕಾನೂನಿನಲ್ಲಿ ಇಕ್ಕಟ್ಟು, ಮುಂದೆ ಹೇಳುತ್ತೇನೆ.

ರಾತ್ರಿ ಎದುರಿನ ಲೈಟು ಹರಡುತ್ತದೆ

ಎಲ್ಲಕ್ಕೂ ಮೊದಲು ಮುಂದಿನ ಗಾಜಿನ ಒಳಮೈಯನ್ನು ಒಣ ಬಿಳಿ ಬಟ್ಟೆಯಿಂದ ಒರೆಸಿ ಬಟ್ಟೆ ನೋಡಿ. ಜಿಡ್ಡು ಬಂದರೆ ಅದು ಡ್ಯಾಶ್‌ಬೋರ್ಡ್ ಪಾಲಿಶ್. ಬಿಸಿಲಿಗೆ ಆವಿಯಾಗಿ ಗಾಜಿಗೆ ಕೂತಿರುತ್ತದೆ. ಆಮೇಲೆ ಹೊರಗಡೆ ವೈಪರ್ ಎಳೆದ ಬಿಲ್ಲಿನಾಕಾರದ ಗೆರೆ ನೋಡಿ. ಇವೆರಡೂ ಇಲ್ಲದೆ, ಫಿಲ್ಮ್ ಇರುವ ಜಾಗದಲ್ಲಿ ಮಾತ್ರ ಲೈಟು ಹರಡಿ, ಅಂಚಿನ ಫಿಲ್ಮಿಲ್ಲದ ಗೆರೆಯಲ್ಲಿ ಸ್ಪಷ್ಟ ಕಂಡರೆ ಅದು ಫಿಲ್ಮಿನ ಅಂಟಿನ ಮಬ್ಬು. ಹಾಕಿಸಿ ತಿಂಗಳಾಗಿಲ್ಲ ಅಂದರೆ ಕಾಯಿರಿ. ತಿಂಗಳ ಮೇಲೂ ಇದ್ದರೆ ಮುಂದಿನ ಗಾಜಿನ ವಿಷಯದಲ್ಲಿ ರಾಜಿ ಬೇಡ, ಕೀಳಿಸಿ. ಹೆದ್ದಾರಿಯಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ನಿಂತಿರುವುದು ನಿಮಗೂ ಗೊತ್ತು.

ಟೋಲ್‌ನಲ್ಲಿ ಗೇಟು ಏಳುತ್ತಿಲ್ಲ

ಮೊದಲು ಫಾಸ್ಟ್ಯಾಗ್ ಖಾತೆಯಲ್ಲಿ ದುಡ್ಡಿದೆಯಾ, ಕೆವೈಸಿ ಬಾಕಿ ಇದೆಯಾ ನೋಡಿ. ನಗಬೇಡಿ. ಅದೆಲ್ಲ ಸರಿ ಇದ್ದು, ಫಿಲ್ಮ್ ಹಾಕಿಸಿದ ಮಾರನೆಯ ದಿನದಿಂದಲೇ ಕ್ಯಾತ್ಸಂದ್ರದ ಹತ್ತಿರದ ಟೋಲ್‌ನಲ್ಲಿ ಕೈ ಮಿಷನ್ ತಂದು ಓದಿಸುತ್ತಿದ್ದಾರೆ ಅಂದರೆ ನಿಮ್ಮದು ಮೆಟಲ್ ಫಿಲ್ಮ್. ಲೋಹದ ಪದರ ರೇಡಿಯೋ ಅಲೆಯನ್ನು ತಡೆಯುತ್ತದೆ. ಟ್ಯಾಗ್ ಫಿಲ್ಮಿನ ಹಿಂದಿದ್ದರೆ ಅಲೆ ಒಳಗೇ ಬರುವುದಿಲ್ಲ. ಟ್ಯಾಗ್ ಮೊದಲೇ ಗಾಜಿಗೆ ಇದ್ದು ಅದರ ಬೆನ್ನಿಗೆ ಫಿಲ್ಮ್ ಬಂದಿದ್ದರೂ ಪಕ್ಕದ ಲೋಹ ಅದರ ಆಂಟೆನಾವನ್ನು ಕೆಡಿಸುತ್ತದೆ. ಫೋನಿನ ಜಿಪಿಎಸ್ಸೂ ತಡವಾಗಿ ಹಿಡಿಯುತ್ತಿದ್ದರೆ ಅನುಮಾನವೇ ಬೇಡ. ಟ್ಯಾಗ್ ಸುತ್ತ ಎರಡೆರಡು ಬೆರಳು ಜಾಸ್ತಿ ಬಿಟ್ಟು ಫಿಲ್ಮ್ ಕತ್ತರಿಸಿ ತೆಗೆಸಿ. ಟ್ಯಾಗನ್ನು ಕೀಳಬೇಡಿ, ಕಿತ್ತರೆ ಅದು ಸತ್ತಂತೆ. ಸೆರಾಮಿಕ್‌ನಲ್ಲಿ ಈ ತೊಂದರೆ ಇಲ್ಲ.

ಕಿಟಕಿ ಸ್ವಿಚ್ ಕೆಲಸ ಮಾಡುತ್ತಿಲ್ಲ

ಇದು ನನ್ನದೇ ತಪ್ಪಿನ ಕಥೆ. ಕೆಲಸ ಕಲಿತ ಹೊಸದರಲ್ಲಿ ಒಂದು ಕಾರಿಗೆ ಫಿಲ್ಮ್ ಹಾಕಿ ಕಳಿಸಿದೆ. ಬಾಗಿಲಿನ ಮೇಲೆ ಟವೆಲ್ ಹಾಸಿರಲಿಲ್ಲ. ಸ್ಕ್ವೀಜಿ ಎಳೆದ ಶಾಂಪೂ ನೀರೆಲ್ಲ ಬಾಗಿಲ ಮೇಲೆ ಹರಿದು ಸ್ವಿಚ್ ಬೋರ್ಡಿಗೆ ಇಳಿದಿತ್ತು. ರಾತ್ರಿ ಒಂಬತ್ತಕ್ಕೆ ಫೋನ್. "ಗ್ಲಾಸು ತಾನಾಗೇ ಇಳಿತೈತೆ, ಏರ್ತಾ ಇಲ್ಲ, ಹೊರಗಡೆ ಮಳೆ." ಹೋಗಿ ಪ್ಲಾಸ್ಟಿಕ್ ಕವರ್ ಕಟ್ಟಿ ಬಂದೆ. ಮಾರನೆಯ ದಿನ ಸ್ವಿಚ್ ಬಿಚ್ಚಿದರೆ ಒಳಗೆ ನೊರೆ.

ಫಿಲ್ಮ್ ಹಾಕಿಸಿದ ಒಂದೆರಡು ದಿನದಲ್ಲಿ ಕಿಟಕಿ, ಸೆಂಟ್ರಲ್ ಲಾಕ್, ಬಾಗಿಲಿನ ಸ್ಪೀಕರ್ ಯಾವುದೇ ಕೆಟ್ಟರೂ ಮೊದಲ ಅನುಮಾನ ನೀರಿನ ಮೇಲೆ. ಬಟನ್ ಮತ್ತೆ ಮತ್ತೆ ಒತ್ತಬೇಡಿ. ಬ್ಯಾಟರಿ ನೆಗೆಟಿವ್ ಬಿಚ್ಚಿಸಿ, ಸ್ವಿಚ್ ಪ್ಯಾನೆಲ್ ಎಬ್ಬಿಸಿ ಒಂದು ದಿನ ಒಣಗಲು ಬಿಡಿ. ಬೇಗ ಬಿಚ್ಚಿದರೆ ಹೆಚ್ಚಾಗಿ ಬದುಕುತ್ತದೆ. ವಾರ ಬಿಟ್ಟರೆ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುತ್ತದೆ.

ಬಿಲ್ಲಿನಲ್ಲಿ 50 ಇದೆ, ಪೊಲೀಸ್ ಮೀಟರ್‌ನಲ್ಲಿ 39

ಈ ಸಂಖ್ಯೆ ಅಂದರೆ ನೂರರಲ್ಲಿ ಎಷ್ಟು ಪಾಲು ಬೆಳಕು ದಾಟುತ್ತದೆ ಅನ್ನುವುದು. ಮೀಟರ್ ಸರಿಯಾಗೇ ಇದೆ. ಕಾರಿನ ಗಾಜು ಕಂಪನಿಯಿಂದ ಬರುವಾಗಲೇ ಪೂರ್ತಿ ಬೆಳಕು ಬಿಡುವುದಿಲ್ಲ. ಸ್ವಲ್ಪ ಹಸಿರು ಛಾಯೆ ಇರುವ ಗಾಜು ನೂರರಲ್ಲಿ 78 ಪಾಲು ಬಿಟ್ಟಿತು ಅಂತಿಟ್ಟುಕೊಳ್ಳಿ. ಅದರ ಮೇಲೆ 50ರ ಫಿಲ್ಮ್ ಹಾಕಿದರೆ ಆ 78ರಲ್ಲಿ ಅರ್ಧ, ಅಂದರೆ 39. ಕೂಡುವ ಕಳೆಯುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಪಕ್ಕದವುಗಳಲ್ಲಿ ಕನಿಷ್ಠ ಶೇ. 50 ಬೆಳಕು ದಾಟಬೇಕು. ಪಕ್ಕಕ್ಕೆ 70ರ ಫಿಲ್ಮ್ ಹಾಕಿದರೆ 78ರ ಗಾಜಿನಲ್ಲಿ 54 ಮಿಕ್ಕುತ್ತದೆ, ದಾಟಿತು. ಮುಂದಿನದಕ್ಕೆ 90ರ ಫಿಲ್ಮ್ ಹಾಕಿದರೂ 70ರ ಗೆರೆ ಮೇಲೆ ಕೂದಲೆಳೆಯಲ್ಲಿ ನಿಲ್ಲುತ್ತದೆ. ಗಾಜೇ 75ರದ್ದಾಗಿದ್ದರೆ 67, ಹೋಯಿತು.

ಇಷ್ಟೇ ಆಗಿದ್ದರೆ ಸುಲಭ ಇತ್ತು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್, ಎಷ್ಟೇ ತಿಳಿಯಾಗಿರಲಿ ಗಾಜಿನ ಮೇಲೆ ಫಿಲ್ಮ್ ಅಂಟಿಸುವುದೇ ಬೇಡ ಅಂತ ಹೇಳಿತು. ಮೇ 4ರಿಂದ ಜಾರಿ. ಆ ವಾರ ರಸ್ತೆ ಬದಿಯಲ್ಲಿ ಬ್ಲೇಡ್ ಹಿಡಿದು ಫಿಲ್ಮ್ ಕಿತ್ತದ್ದು ಹಳಬರಿಗೆ ನೆನಪಿರುತ್ತದೆ. ಆಮೇಲೆ ನಿಯಮಕ್ಕೆ ತಿದ್ದುಪಡಿ ಬಂತು. 2021ರ ಏಪ್ರಿಲ್ 1ರಿಂದ ಸೇಫ್ಟಿ ಗ್ಲೇಜಿಂಗ್‌ಗೂ ಅದರಲ್ಲಿ ಜಾಗ ಸಿಕ್ಕಿತು, ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಗಾಜೂ ಅದರಲ್ಲಿ ಸೇರುತ್ತದೆ. ಇದನ್ನೇ ಹಿಡಿದು 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, 70 ಮತ್ತು 50ರ ಮಿತಿಯೊಳಗಿನ ಫಿಲ್ಮಿಗೆ ದಂಡ ಹಾಕುವಂತಿಲ್ಲ ಅಂದಿತು. ಅದು ಕೇರಳದ ತೀರ್ಪು. ಇಲ್ಲಿ ರಸ್ತೆಯಲ್ಲಿ ಕೈ ಅಡ್ಡ ಹಿಡಿದವರ ಮುಂದೆ ಅದನ್ನು ಹೇಳಿ ಗೆಲ್ಲುತ್ತೀರಿ ಅಂತ ನಾನು ಭರವಸೆ ಕೊಡುವುದಿಲ್ಲ. ಗಿರಾಕಿಗಳಿಗೆ ನಾನು ಹೇಳುವುದು ಇಷ್ಟು. ಹೊರಗಿಂದ ನೋಡಿದರೆ ಒಳಗೆ ಕೂತವರ ಮುಖ ಕಾಣುವಂಥದ್ದೇ ಹಾಕಿಸಿ. ಫಿಲ್ಮಿನ ಸಂಖ್ಯೆ ಅಲ್ಲ, ಗಾಜಿನ ಜೊತೆ ಸೇರಿದ ಸಂಖ್ಯೆಯನ್ನು ಮೀಟರ್ ಇಟ್ಟು ತೋರಿಸಿ ಅಂತ ಕೇಳಿ. ಮೀಟರ್ ಇಲ್ಲದ ಅಂಗಡಿಗೆ ಹೋಗಲೇಬೇಡಿ. ಕಪ್ಪಗಿದ್ದರೆ ತಂಪು ಅನ್ನುವುದು ಡೈ ಫಿಲ್ಮಿನ ಕಾಲದ ಮಾತು.

ಕೀಳಲೇಬೇಕು ಅಂತಾದರೆ

ಒಣ ಗಾಜಿನಲ್ಲಿ ಮೂಲೆ ಹಿಡಿದು ಎಳೆದರೆ ಫಿಲ್ಮ್ ಬರುತ್ತದೆ, ಅಂಟು ಗಾಜಿನಲ್ಲೇ ಉಳಿಯುತ್ತದೆ. ಸ್ಟೀಮರ್ ಇದ್ದರೆ ಹೊರಗಿಂದಲೂ ಒಳಗಿಂದಲೂ ಆವಿ ಹಿಡಿದು ನಿಧಾನ ಎಳೆಯಬೇಕು. ಮನೆಯಲ್ಲಾದರೆ ಗಾಜಿಗೆ ಸೋಪಿನ ನೀರು ಹೊಡೆದು, ಅದರ ಮೇಲೆ ಕಪ್ಪು ಕಸದ ಚೀಲ ಅಂಟಿಸಿ, ಮಧ್ಯಾಹ್ನದ ಬಿಸಿಲಿಗೆ ಒಂದೆರಡು ಗಂಟೆ ಬಿಡಿ. ಉಳಿದ ಅಂಟಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು.

ಹಿಂದಿನ ಗಾಜಿಗೆ ಮಾತ್ರ ಬ್ಲೇಡ್ ತಾಗಿಸಬೇಡಿ. ಗಾಜು ಕಾಯಿಸಿ ಮಂಜು ತೆಗೆಯುವ ಡೀಫಾಗರ್‌ನ ಕಂದು ಗೆರೆಗಳು ಗಾಜಿನ ಒಳಮೈಯಲ್ಲೇ ಇವೆ, ಒಂದು ಕಡೆ ಕೆರೆದರೆ ಆ ಸಾಲು ಪೂರ್ತಿ ಸತ್ತಿತು. ಕಿತ್ತ ಮೇಲೆ ಚಳಿಗಾಲದ ಬೆಳಗ್ಗೆ ಡೀಫಾಗರ್ ಹಾಕಿ ನೋಡಿ. ಯಾವ ಸಾಲಿನ ಸುತ್ತ ಮಂಜು ಕರಗದೆ ಪಟ್ಟಿಯಾಗಿ ನಿಲ್ಲುತ್ತದೋ ಅದು ತುಂಡಾಗಿದೆ. ಸಣ್ಣ ತುಂಡಿಗೆ ಬೆಳ್ಳಿ ಬೆರೆಸಿದ ಕಂಡಕ್ಟಿವ್ ಪೇಂಟ್ ಹಚ್ಚಿ ಜೋಡಿಸಬಹುದು. ಹೊಸ ಫಿಲ್ಮ್ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಹಾಕಿದ ಮೇಲೆ ಗೆರೆ ಫಿಲ್ಮಿನ ಕೆಳಗೆ ಹೋಗುತ್ತದೆ.

ಪೀಣ್ಯದವರಿಗೆ ನಾಲ್ಕೂ ಪಕ್ಕದ ಗಾಜು ಕಿತ್ತು 70ರ ಸೆರಾಮಿಕ್ ಹಾಕಿದೆ. ಮೀಟರ್ ಇಟ್ಟು 54 ತೋರಿಸಿದೆ. ಬಾಗಿಲ ಮೇಲೆ ಟವೆಲ್ ಹಾಸಿದ್ದೆ. ನಾಲ್ಕು ದಿನ ಗಾಜು ಇಳಿಸಬೇಡಿ ಅಂತ ಹೇಳಿ ಸ್ವಿಚ್ಚುಗಳ ಮೇಲೆ ಟೇಪ್ ಅಂಟಿಸಿ ಕಳಿಸಿದೆ. ಮೂರನೆಯ ದಿನ ಸಂಜೆ ಬಂದು ನಿಂತರು. ಎಡಗಡೆ ಮುಂದಿನ ಗಾಜಿನ ಕೆಳಗಿನ ಮೂಲೆ ನಾಯಿಯ ಕಿವಿ ಥರ ಮಡಚಿತ್ತು. ಟೇಪ್ ಕಾಣಲಿಲ್ಲ.

"ಒಂದೇ ಸಲ ಇಳ್ಸಿದ್ದು ಅಣ್ಣ," ಅಂದರು. "ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಪಾರ್ಸಲ್ ಇಸ್ಕೊಳ್ಳಕ್ಕೆ."